ಕೋಲೆ ಬಸವನ ಟೆಸ್ಟು

ಶುಕ್ರವಾರ ಸಂಜೆ ಆರೂವರೆ. ಲ್ಯಾಪ್‌ಟಾಪ್ ಇನ್ನೇನು ಬ್ಯಾಗಿಗೆ ಹೋಗಬೇಕಿತ್ತು. ಅಷ್ಟರಲ್ಲಿ ಟೆಸ್ಟಿಂಗ್ ಟೀಮಿನವರೊಬ್ಬರು ಬಂದು ನಿಂತರು.

"ಸರ್, ರೀಫಂಡ್ ಆಗಲಿಲ್ಲ ಅಂತ ಪೇಮೆಂಟ್ ಗೇಟ್‌ವೇ ಹೇಳ್ತಿದೆ. ನಮ್ಮ ಪೇಜಲ್ಲಿ ಮಾತ್ರ ಆಯ್ತು ಅಂತ ಬರ್ತಿದೆ."

"ಚಾನ್ಸೇ ಇಲ್ಲ. ಅದಕ್ಕೆ ಅಂತಲೇ ಟೆಸ್ಟ್ ಬರೆದಿದ್ದೀನಿ" ಅಂದೆ. ಟೆಸ್ಟ್ ಅಂದರೆ ಕೋಡ್ ಸರಿಯಿದೆಯಾ ಅಂತ ನೋಡುವ ಇನ್ನೊಂದು ಕೋಡ್. ಓಡಿಸಿಯೂ ತೋರಿಸಿದೆ. ಎಲ್ಲ ಹಸಿರು, ಅಂದರೆ ಪಾಸು. ಅವರು ವಾದ ಮಾಡಲಿಲ್ಲ, ಸುಮ್ನೆ ತಮ್ಮ ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಪುಣ್ಯಕ್ಕೆ ಅದು ಸ್ಯಾಂಡ್‌ಬಾಕ್ಸ್, ಬರೀ ಪ್ರಯೋಗದ ಜಾಗ. ಯಾರ ದುಡ್ಡೂ ಸಿಕ್ಕಿಕೊಂಡಿರಲಿಲ್ಲ.

ಚಿಕ್ಕವನಿದ್ದಾಗ ನಮ್ಮ ಮನೆ ಮುಂದೆ ಕೋಲೆ ಬಸವ ಬರುತ್ತಿತ್ತು. "ಈ ಮನೆಯವರಿಗೆ ಒಳ್ಳೇದಾಗುತ್ತಾ ಬಸವ?" ಅಂದರೆ ತಲೆ ಆಡಿಸುವುದು. ಪೈಥಾನ್ ಭಾಷೆಯ ಮ್ಯಾಜಿಕ್‌ಮಾಕ್ ಅದರ ತಮ್ಮ. ಮಾಕ್ ಅಂದರೆ ಟೆಸ್ಟಿನಲ್ಲಿ ಅಸಲಿಯ ಬದಲು ನಿಲ್ಲಿಸುವ ನಕಲಿ. ಹೆಚ್ಚುಕಮ್ಮಿ ಯಾವ ಹೆಸರಿನ ಮೆಥಡ್ (ಕರೆದರೆ ಒಂದು ಕೆಲಸ ಮಾಡುವ ಕೋಡಿನ ತುಂಡು) ಕರೆದರೂ ಹೂಂ ಅನ್ನುತ್ತದೆ. ಏನು ವಾಪಸ್ ಕೊಡಬೇಕು ಅಂತ ನಾವು ಹೇಳದಿದ್ದರೆ ಇನ್ನೊಂದು ಮಾಕನ್ನೇ ಕೈಗಿಡುತ್ತದೆ. ಅದನ್ನು ಇಫ್ ಷರತ್ತಿನೊಳಗೆ ಹಾಕಿದರೆ ಟ್ರೂ. ಇಂಟ್ (ಪೂರ್ಣಾಂಕ) ಮಾಡಿದರೆ 1! ಮೊದಲು ನಾನು ಜಾವಾದಲ್ಲಿದ್ದೆ. ಅಲ್ಲಿನ ಮಾಕ್ ಲೈಬ್ರರಿ ಮಾಕಿಟೊ ಸ್ವಲ್ಪ ಬಿಗುಮಾನದ್ದು, ಹೇಳದಿದ್ದರೆ ನಲ್ (ಏನೂ ಇಲ್ಲ), ಸೊನ್ನೆ, ಫಾಲ್ಸ್, ಖಾಲಿ ಲಿಸ್ಟ್ ಥರದ್ದು ಅಷ್ಟೇ.

ಇದೆಲ್ಲ ನನಗೆ ಗೊತ್ತಿತ್ತು. ಹಾಗಾಗಿಯೇ ರಿಟರ್ನ್ ವ್ಯಾಲ್ಯೂ, ಅಂದರೆ ವಾಪಸ್ ಬರಬೇಕಾದ ಉತ್ತರ, ಹೊಂದಿಸಿದ್ದೆ. ಹೊಂದಿಸಿದ ಜಾಗ ಮಾತ್ರ ತಪ್ಪು.

ಗೇಟ್‌ವೇ ಲೈಬ್ರರಿಯಲ್ಲಿ ರೀಫಂಡ್ ಮೆಥಡ್ ಒಂದು ರಿಸಲ್ಟ್ ಆಬ್ಜೆಕ್ಟ್ ಕೊಡುತ್ತದೆ. ಅದರಲ್ಲಿ 'ಈಸ್ ಸಕ್ಸೆಸ್' ಅನ್ನುವುದು ಒಂದು ಮೆಥಡ್. ನಾನು ಅದನ್ನು ಅಟ್ರಿಬ್ಯೂಟ್, ಅಂದರೆ ಕರೆಯದೆ ಸುಮ್ನೆ ಓದಿಕೊಳ್ಳುವ ಬೆಲೆ, ಅಂದುಕೊಂಡಿದ್ದೆ. ಕೋಡಿನಲ್ಲಿ ಮೆಥಡ್ ಕರೆಯಲು ಬೇಕಾದ ಆವರಣ ಚಿಹ್ನೆ () ಇಲ್ಲದೆ ಬರೆದೆ. ಮೆಥಡ್ಡನ್ನು ಕರೆಯದೆ ಬರೀ ಹೆಸರು ಹೇಳಿದರೆ ಪೈಥಾನಿಗೆ ಅದು ಯಾವಾಗಲೂ ಟ್ರೂ. ಗೇಟ್‌ವೇ ಎಷ್ಟು ಸಲ ಇಲ್ಲ ಅಂದರೂ ನಮ್ಮ ಪೇಜಿಗೆ ರೀಫಂಡ್ ಆದಂತೆಯೇ ಲೆಕ್ಕ. ಟೆಸ್ಟಿನಲ್ಲೂ ಅದೇ ಕೈ, ಅದೇ ತಪ್ಪು. ಮಾಕ್‌ನ ಈಸ್ ಸಕ್ಸೆಸ್‌ಗೆ ನೇರವಾಗಿ ಫಾಲ್ಸ್ ಅಂಟಿಸಿದ್ದೆ. ಅದರ ರಿಟರ್ನ್ ವ್ಯಾಲ್ಯೂಗೆ ಫಾಲ್ಸ್ ಕೊಡಬೇಕಿತ್ತು. ಬಸವ ತಲೆ ಆಡಿಸಿತು, ಹಸಿರು ಬಂತು.

ಟೆಸ್ಟ್ ಬರೆದದ್ದೂ ನಾನೇ, ಉತ್ತರ ಹೇಳಿಕೊಟ್ಟದ್ದೂ ನಾನೇ. ಪಾಸಾಗದೆ ಇನ್ನೇನು, ಅಲ್ವಾ?

ಬ್ಯಾಗ್ ಪಕ್ಕಕ್ಕಿಟ್ಟೆ. ಬರೀ ಮಾಕ್ ತೆಗೆದು, ಲೈಬ್ರರಿಯ ನಿಜವಾದ ರಿಸಲ್ಟ್ ಕ್ಲಾಸನ್ನೇ (ಆ ಆಬ್ಜೆಕ್ಟಿನ ಅಚ್ಚನ್ನೇ) ಪೈಥಾನಿನ ಕ್ರಿಯೇಟ್ ಆಟೋಸ್ಪೆಕ್ ಫಂಕ್ಷನ್‌ಗೆ ಕೊಟ್ಟೆ. ಆಗ ಮಾಕ್ ಅಸಲಿ ಕ್ಲಾಸಿನ ಅಳತೆಗೇ ಇರುತ್ತದೆ. ಮೆಥಡ್ ಇದ್ದ ಕಡೆ ಮೆಥಡ್, ಇಲ್ಲದ ಹೆಸರು ಕೇಳಿದರೆ ಅಟ್ರಿಬ್ಯೂಟ್ ಎರರ್. ರಿಟರ್ನ್ ವ್ಯಾಲ್ಯೂವನ್ನು ಸರಿಯಾದ ಜಾಗದಲ್ಲಿಟ್ಟು ಓಡಿಸಿದೆ. ಕೆಂಪು. ಕೆಂಪು ನೋಡಿ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು. ಕೋಡಿಗೆ ಆವರಣ ಚಿಹ್ನೆ ಸೇರಿಸಿದೆ. ಎರಡೇ ಅಕ್ಷರ! ಹಸಿರಾಯಿತು.

ಸೋಮವಾರ ಉಳಿದ ಟೆಸ್ಟುಗಳ ಮಾಕ್‌ಗಳಿಗೂ ಸ್ಪೆಕ್, ಅಂದರೆ ಅಸಲಿಯ ಅಳತೆ, ಹಾಕಿದೆ. ಇನ್ನೂ ಮೂರು ಕೆಂಪಾದವು. ಅದರಲ್ಲೊಂದು, ನಾವು ಯಾವತ್ತೋ ಹೆಸರು ಬದಲಾಯಿಸಿದ್ದ ಮೆಥಡ್‌ನ ಹಳೇ ಹೆಸರಿಗೆ ಇನ್ನೂ ರಿಟರ್ನ್ ವ್ಯಾಲ್ಯೂ ಕೊಡುತ್ತಾ ಕೂತಿತ್ತು. ಬರೆದವರು ಯಾರು ಅಂತ ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ನೋಡಿದೆ. ನಾನೇ.