ಆರನೇ ಸಾಲು

1998ರ ಜುಲೈ. ಹಾಸನದಲ್ಲಿ ಜಡಿಮಳೆ. ನಮ್ಮ ಲ್ಯಾಬಿನಲ್ಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಇದ್ದದ್ದು ಒಂದೇ ಒಂದು ಪೆಂಟಿಯಮ್ ಮಷೀನಿನಲ್ಲಿ. ಅದಕ್ಕೆ ಎಂಟು ಟರ್ಮಿನಲ್, ಅಂದರೆ ಪರದೆ ಮತ್ತು ಕೀಬೋರ್ಡ್. ಅವತ್ತು ಎಂಟೂ ಒಟ್ಟಿಗೆ ನಿಂತವು. ಕರೆಂಟ್ ಹೋಗಿರಲಿಲ್ಲ, ಅದೇ ವಿಚಿತ್ರ.

ತಪ್ಪು ನನ್ನದು. ಎಫ್0 0ಎಫ್ ಸಿ7 ಸಿ8. ಈ ನಾಲ್ಕು ಬೈಟ್ ಓಡಿಸಿದರೆ ಇಂಟೆಲ್ಲಿನ ಪೆಂಟಿಯಮ್ ಪ್ರೊಸೆಸರ್ ಅಲ್ಲೇ ಕಲ್ಲಾಗುತ್ತೆ ಅಂತ ಸೀನಿಯರ್ ಒಬ್ಬರು ಹೇಳಿದ್ದರು. 1997ರ ನವೆಂಬರಿನಲ್ಲಿ ಬಯಲಾದ ದೋಷ ಅದು. ಸುಮ್ನೆ ಹೇಳ್ತಾರೆ ಅಂದುಕೊಂಡಿದ್ದೆ. ರೂಟ್ (ಮಷೀನಿನ ಯಜಮಾನನ) ಪಾಸ್‌ವರ್ಡ್ ಇಲ್ಲದ ಹುಡುಗನೊಬ್ಬ ಇಡೀ ಮಷೀನ್ ಕೆಡವಬಹುದು ಅಂದರೆ ಯಾರು ನಂಬ್ತಾರೆ?

ಸರ್ ಬಯ್ಯಲಿಲ್ಲ. "ಕೆಡವಿದ್ದು ನೀನು ತಾನೇ? ರಿಪೇರಿನೂ ನೀನೇ ಮಾಡು" ಅಂದು ಸೀಮೆಸುಣ್ಣ ಎತ್ತಿಕೊಂಡರು.

ತಪ್ಪು ಆಜ್ಞೆ ಬಂದರೆ ಪ್ರೊಸೆಸರ್ ಒಂದು ಪಟ್ಟಿ ನೋಡುತ್ತೆ. ಸೊನ್ನೆಯಿಂದ ಎಣಿಸಿದರೆ ಆರನೇ ಸಾಲಿನಲ್ಲಿ ಮುಂದೆ ಎಲ್ಲಿಗೆ ಹೋಗಬೇಕು ಅಂತ ಬರೆದಿರುತ್ತೆ. ಆದರೆ ಈ ನಾಲ್ಕು ಬೈಟ್ ಬಂದಾಗ ಅದು ಬಸ್ಸಿಗೆ ಬೀಗ ಹಾಕಿಕೊಂಡೇ ಆ ಸಾಲು ಓದಲು ಹೋಗುತ್ತೆ. ಆಮೇಲೆ ಬೀಗ ಬಿಡೋದೇ ಇಲ್ಲ. (ಬಸ್ಸು ಅಂದರೆ ಮೆಮೊರಿಗೆ ಹೋಗುವ ದಾರಿ, ಅರಕಲಗೂಡಿನ ಬಸ್ಸಲ್ಲ ಅಂತ ಸರ್ ಹಿಂದಿನ ಬೆಂಚಿನ ಕಡೆ ನೋಡಿ ಹೇಳಿದರು.)

ಚಿಪ್ಪಿನ ಒಳಗೆ ಕೈ ಹಾಕೋಕೆ ಆಗಲ್ಲ. ಹಾಗಾಗಿ ಇಂಟೆಲ್ ಸೂಚಿಸಿದ ಉಪಾಯ ಪಟ್ಟಿಯನ್ನೇ ಸರಿಸುವುದು. ಒಂದೊಂದು ಸಾಲು 8 ಬೈಟ್. ಸೊನ್ನೆಯಿಂದ ಆರರವರೆಗೆ ಏಳು ಸಾಲು, 56 ಬೈಟ್. ಮೆಮೊರಿಯನ್ನು 4096 ಬೈಟಿನ ಪೇಜುಗಳಾಗಿ ಹಂಚಿರುತ್ತೆ, ಅಂಥ ಒಂದು ಪೇಜಿನ ಕಟ್ಟಕಡೆಗೆ ಇವು ಬರಬೇಕು. ಉಳಿದವು ಮುಂದಿನ ಪೇಜಿಗೆ. ಪೇಜುಗಳ ನಕ್ಷೆಯಾದ ಪೇಜ್ ಟೇಬಲ್ಲಿನಲ್ಲಿ ಮೊದಲ ಪೇಜು ಇಲ್ಲವೇ ಇಲ್ಲ ಅಂತ ಗುರುತು ಹಾಕಿಬಿಡುವುದು. ಆರನೇ ಸಾಲು ಓದಲು ಹೋದ ಪ್ರೊಸೆಸರಿಗೆ ಪೇಜೇ ಸಿಗಲ್ಲ. ಪೇಜ್ ಫಾಲ್ಟ್ ಆಗುತ್ತೆ. ಅದರ ಸಾಲು ಹದಿನಾಲ್ಕನೆಯದು, ಮುಂದಿನ ಪೇಜಿನಲ್ಲಿ ಸುರಕ್ಷಿತವಾಗಿರುತ್ತೆ. ಲಿನಕ್ಸಿನ ತಿರುಳಾದ ಕರ್ನಲ್ ಬಂದು ಆ ತುಂಟ ಪ್ರೋಗ್ರಾಮನ್ನು ಮಾತ್ರ ಕೊಲ್ಲುತ್ತೆ.

"ಹಾಸನಾಂಬೆ ಗುಡಿ ಇದ್ದಂಗೆ ಕಣೋ. ಬಾಗಿಲು ಹಾಕಿದೆ ಅಂತ ಗೊತ್ತಾದ್ರೆ ಅಲ್ಲಿ ಯಾರೂ ಕಾಯ್ತಾ ನಿಲ್ಲಲ್ಲ."

"ಸರ್, ಸೊನ್ನೆಯಿಂದ ಐದರವರೆಗಿನ ಸಾಲುಗಳೂ ಒಳಗೇ ಸಿಕ್ಕಿಕೊಳ್ತವಲ್ಲ?" ಅಂತ ಮುಂದಿನ ಬೆಂಚಿನ ಹುಡುಗಿ ಕೇಳಿದಳು. ನನಗೆ ಹೊಳೆದಿರಲಿಲ್ಲ. ಸೊನ್ನೆಯಿಂದ ಭಾಗಿಸುವ ತಪ್ಪಿನ ಸಾಲೂ ಅಲ್ಲೇ ಇದೆ, ಹಾಗಾಗಿ ಅದಕ್ಕೂ ಈಗ ಪೇಜ್ ಫಾಲ್ಟೇ ಆಗುತ್ತೆ. ಅದು ಯಾವ ಸಾಲಿನಿಂದ ಬಂತು ಅಂತ ಕರ್ನಲ್ ವಿಳಾಸ ನೋಡಿ ಲೆಕ್ಕ ಹಾಕಬೇಕು. ಅವತ್ತು ಸರ್‌ಗೆ ಎಷ್ಟು ಖುಷಿಯಾಯಿತೆಂದರೆ ಎಲ್ಲರಿಗೂ ಟೀ ತರಿಸಿದರು.

ಪರಿಹಾರ ಸೇರಿದ್ದ 2.0.32 ಕರ್ನಲ್ ಬೆಂಗಳೂರಿನಿಂದ ಸಿಡಿಯಲ್ಲಿ ಬಂತು. ಕಂಪೈಲ್‌ಗೆ ಹಾಕಿದೆ, ಅಂದರೆ ಅದರ ಕೋಡನ್ನು ಮಷೀನಿನ ಭಾಷೆಗೆ ಇಳಿಸೋಕೆ. ಅರ್ಧ ದಾರಿಯಲ್ಲಿ ಆ ಕೆಲಸ ಮಾಡುವ ಕಂಪೈಲರ್ ಜಿಸಿಸಿ 'ಸಿಗ್ನಲ್ 11' (ಮೆಮೊರಿಯಲ್ಲಿ ತಪ್ಪು ಜಾಗ ಮುಟ್ಟಿದೆ) ಅಂತ ಸತ್ತಿತು. ಮತ್ತೆ ಹಾಕಿದೆ, ಮತ್ತೆ ಸತ್ತಿತು. ಕಂಪೈಲರ್‌ಗೇ ಬಗ್ ಇದೆ ಅಂತ ಸರ್ ಹತ್ತಿರ ಓಡಿದೆ.

"ಎರಡನೇ ಸಲ ಅದೇ ಫೈಲಲ್ಲಿ ನಿಂತಿತಾ?"

"ಇಲ್ಲ ಸರ್, ಬೇರೆ ಕಡೆ."

"ಹಂಗಾದ್ರೆ ರ್‍ಯಾಮ್ ಬಿಚ್ಚು."

ಒಂದೇ ಕಡೆ ಸತ್ತರೆ ಕೋಡ್ ತಪ್ಪು, ದಿನಕ್ಕೊಂದು ಕಡೆ ಸತ್ತರೆ ಹಾರ್ಡ್‌ವೇರ್ ಕಡೆ ತಿರುಗು ಅನ್ನುವುದು ಅವರ ಲೆಕ್ಕ. ಇವತ್ತಿಗೂ ನಾನು ಮೊದಲು ಕೇಳುವ ಪ್ರಶ್ನೆ ಅದೇ. ಮಲೆನಾಡಿನ ಥಂಡಿಗೆ ರ್‍ಯಾಮಿನ ಕಾಲುಗಳು ಮಂಕಾಗಿದ್ದವು. ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಕೂರಿಸಿದೆವು. ಕಂಪೈಲ್ ಮುಗಿಯಿತು. ಹೊಸ ಕರ್ನಲ್ಲಿನಲ್ಲಿ ಅದೇ ನಾಲ್ಕು ಬೈಟ್ ಓಡಿಸಿದೆ. 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತ ಒಂದು ಸಾಲು ಬಂತು, ಅಷ್ಟೇ. ಉಳಿದ ಏಳು ಟರ್ಮಿನಲ್‌ನವರಿಗೆ ಏನೂ ಗೊತ್ತಾಗಲೇ ಇಲ್ಲ.

2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಅನ್ನುವ ಪ್ರೊಸೆಸರ್ ದೋಷದ ಸುದ್ದಿ ಬಂತು. ಆ ಹೊತ್ತಿಗೆ ಕರ್ನಲ್ ಕೆಲಸವೇ ನನ್ನ ಹೊಟ್ಟೆಪಾಡು. ವಾರಗಟ್ಟಲೆ ನಿದ್ದೆ ಇಲ್ಲ. ಅದು ಮುಗಿದ ಮೇಲೆ ಸಕಲೇಶಪುರದ ಹತ್ತಿರ ತೋಟದಲ್ಲಿದ್ದ ಸರ್‌ನ ನೋಡಲು ಹೋದೆ. ನಿವೃತ್ತರಾಗಿದ್ದರು. ಪ್ರೊಸೆಸರ್ ಮುಂದಾಗಿ ಊಹಿಸಿ ಓದುವಾಗ ಕರ್ನಲ್ಲಿನ ಗುಟ್ಟು ಸೋರುತ್ತೆ, ಅದಕ್ಕೆ ಪ್ರೋಗ್ರಾಮ್ ಓಡುವಾಗ ಕರ್ನಲ್ಲಿನ ಪೇಜುಗಳನ್ನೇ ಅದರ ನಕ್ಷೆಯಿಂದ ಹೆಚ್ಚುಕಡಿಮೆ ಪೂರ್ತಿ ತೆಗೆದುಬಿಡ್ತೀವಿ ಅಂತ ವಿವರಿಸಿದೆ.

"ಮತ್ತೆ ಅದೇ ಪೇಜ್ ಟೇಬಲ್ಲಾ?"

"ಹೌದು ಸರ್. ಆದ್ರೆ ಈ ಸಲ ವೇಗ ಕಡಿಮೆ ಆಗುತ್ತೆ. ಪ್ರೋಗ್ರಾಮ್ ಕರ್ನಲ್ಲನ್ನ ಕರೆಯೋ ಸಿಸ್ಟಮ್ ಕಾಲ್ ಜಾಸ್ತಿ ಇದ್ದಷ್ಟೂ ಪೆಟ್ಟು ಜಾಸ್ತಿ."

ಅವರು ಆಕಾಶ ನೋಡಿದರು. ಮೋಡ ಕಟ್ಟಿತ್ತು. "ಉಳಿದದ್ದು ಆಮೇಲೆ ಹೇಳು, ಮೊದಲು ಕಣದಲ್ಲಿರೋ ಕಾಫಿ ಬಾಚೋಣ ಬಾ" ಅಂತ ಎದ್ದರು.