ಸೈಟು ಗುರುತಿಸುವ ಮೊದಲು ನೀರಿನ ದಾರಿ ಗುರುತಿಸಬೇಕು

ಬೆಂಗಳೂರಿನ ಹೊರವಲಯದಲ್ಲಿ ವಸತಿ ಲೇಔಟ್‌ಗಳಿಗೆ ರಸ್ತೆ, ಚರಂಡಿ ಮತ್ತು ಮೋರಿಗಳ ವಿನ್ಯಾಸ ಮಾಡುವ ಸಿವಿಲ್ ಎಂಜಿನಿಯರ್ ಆಗಿ ನಾನು ಹದಿನೆಂಟು ವರ್ಷಗಳಿಂದ ದುಡಿಯುತ್ತಿದ್ದೇನೆ. ಈ ಅವಧಿಯಲ್ಲಿ ಕಲಿತ ಅತ್ಯಂತ ಮುಖ್ಯ ಪಾಠ ಕಾಲೇಜಿನಲ್ಲಿ ಸಿಕ್ಕಿದ್ದಲ್ಲ. ಆನೇಕಲ್ ತಾಲ್ಲೂಕಿನ ಸರ್ಜಾಪುರದ ಕಡೆ, ನಾವೇ ಹಾಳುಮಾಡಿದ ಒಂದು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಿಂತಾಗ ಸಿಕ್ಕಿದ್ದು.

ಆಗ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆ ಅಲ್ಲಿ 12 ಎಕರೆ ಜಮೀನಿನಲ್ಲಿ ಲೇಔಟ್ ಮಾಡುತ್ತಿತ್ತು. ಗ್ರಾಮ ನಕ್ಷೆಯನ್ನು ತರಿಸಿ, ಸರ್ವೆ ನಂಬರುಗಳ ಹದ್ದುಗಳನ್ನು ತಾಳೆ ನೋಡಿ, ಪೂರ್ವದ ಅಂಚಿನಲ್ಲಿ ಬಿ ಖರಾಬು (ಸಾರ್ವಜನಿಕ ಬಳಕೆಗೆ ಮೀಸಲಾದ ಜಾಗ) ಎಂದು ದಾಖಲಾಗಿದ್ದ ಕಾಲುವೆಗೆ ನಿಯಮದಂತೆ ಜಾಗ ಬಿಟ್ಟಿದ್ದೆವು. ಜಮೀನಿನ ನಡುವೆ ಓರೆಯಾಗಿ ಸಾಗುವ ಒಂದು ತಗ್ಗು ಇತ್ತು. ಅದರ ಗುಂಟ ನಾಲ್ಕಾರು ಹೊಂಗೆ ಮರಗಳಿದ್ದವು. ಸುತ್ತ ಎಲ್ಲ ಒಣಗಿದ್ದ ಮಾರ್ಚ್‌ನಲ್ಲೂ ಅಲ್ಲಿನ ಹುಲ್ಲು ಹಸಿರಾಗಿತ್ತು. ಯಾವ ನಕ್ಷೆಯಲ್ಲೂ ಅದಕ್ಕೆ ಹೆಸರಿರಲಿಲ್ಲ, ಗೆರೆಯೂ ಇರಲಿಲ್ಲ. ನಾನು ಲೆವೆಲ್‌ಗಳನ್ನು ನೋಡಿ, ಎಷ್ಟು ಮಣ್ಣು ತುಂಬಿದರೆ ಸಮವಾಗುತ್ತದೆ ಎಂದು ಲೆಕ್ಕ ಹಾಕಿಕೊಟ್ಟೆ. ಏಪ್ರಿಲ್ ಕೊನೆಯ ಹೊತ್ತಿಗೆ 12 ಎಕರೆಯ ಗಿಡಗಂಟಿಯನ್ನೆಲ್ಲ ಒಂದೇ ಸಲಕ್ಕೆ ಕಿತ್ತು, ತಗ್ಗನ್ನು ಮುಚ್ಚಿ, ಸುತ್ತ ಕಾಂಪೌಂಡ್ ಗೋಡೆ ಎಬ್ಬಿಸಿದ್ದೆವು.

ಮೇ ತಿಂಗಳ ನಡುವೆ ಕೃತ್ತಿಕೆ ಮಳೆ ಬಂತು. ಒಂದು ಸಂಜೆ ಸುಮಾರು ಒಂದೂವರೆ ಗಂಟೆ ಬಿಡದೆ ಸುರಿದ ಆ ಮಳೆಯ ನೀರು ನಾವು ತೋಡಿದ್ದ ಚರಂಡಿಯ ಕಡೆ ತಿರುಗಲೇ ಇಲ್ಲ. ತನ್ನ ಹಳೆಯ ತಗ್ಗಿನ ದಾರಿಯನ್ನೇ ಹಿಡಿದು, ಹೊಸದಾಗಿ ತುಂಬಿದ್ದ ಸಡಿಲ ಮಣ್ಣನ್ನು ಕೊರೆದುಕೊಂಡು, ಗೋಡೆಯ ಬುಡಕ್ಕೆ ಬಂದು ನಿಂತು, ಕೊನೆಗೆ ಸುಮಾರು ನಲವತ್ತು ಅಡಿ ಗೋಡೆಯನ್ನು ಕೆಡವಿ ಕೆಳಗಿನ ರೈತರ ತೋಟಕ್ಕೆ ನುಗ್ಗಿತು. ಮರುದಿನ ಬೆಳಿಗ್ಗೆ ಹೋದಾಗ ಹಿಪ್ಪುನೇರಳೆಯ ಸಾಲುಗಳ ನಡುವೆ ಕೆಂಪು ರಾಡಿ ಗೇಣುದ್ದ ನಿಂತಿತ್ತು. ಮೊಣಕಾಲೆತ್ತರದವರೆಗಿನ ಎಲೆಗಳೆಲ್ಲ ಮಣ್ಣಿನ ಲೇಪ ಹೊದ್ದುಕೊಂಡಿದ್ದವು. ಆ ರೈತರ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ರೇಷ್ಮೆ ಸಾಕಿದವರಿಗೆ ಇದರ ಅರ್ಥ ಗೊತ್ತು: ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ಬಹುಪಾಲನ್ನು ತಿನ್ನುವುದು ಆ ಕೊನೆಯ ವಾರದಲ್ಲೇ. ಅವರು ಒಂದು ಎಲೆಯನ್ನು ಕಿತ್ತು, ಹೆಬ್ಬೆರಳಿನಿಂದ ಮಣ್ಣು ಒರೆಸಿ ನನ್ನ ಕೈಗಿಟ್ಟು, “ಇದನ್ನ ತೊಳೆದು ಹಾಕಿದರೆ ಹುಳಕ್ಕೆ ರೋಗ ಬರ್ತದೆ, ಹಾಕದಿದ್ದರೆ ಹಸಿವಿಗೆ ಸಾಯ್ತವೆ” ಎಂದರು. ಸಂಸ್ಥೆಯು ಬೇರೆ ಕಡೆಯಿಂದ ಸೊಪ್ಪು ಕೊಳ್ಳುವ ಖರ್ಚನ್ನು ಭರಿಸಿತು. ಆದರೆ ಅವರು ಹೊರಡುವಾಗ ಹೇಳಿದ ಇನ್ನೊಂದು ಮಾತು ನನ್ನಲ್ಲಿ ಉಳಿದುಬಿಟ್ಟಿತು: “ಆ ತಗ್ಗಲ್ಲಿ ನಮ್ಮಪ್ಪ ಭತ್ತ ಹಾಕ್ತಿದ್ದರು. ಮಳೆಗಾಲದಲ್ಲಿ ಎತ್ತು ಇಳಿದರೆ ಹೂತುಕೊಳ್ತಿತ್ತು. ನೀವು ಯಾರೂ ಕೇಳಲಿಲ್ಲ.”

ನಿಜ, ನಾವು ಕೇಳಿರಲಿಲ್ಲ. ಅಂದಿನಿಂದ ಯಾವುದೇ ಜಮೀನಿಗೆ ಹೋದರೂ ಸರ್ವೆ ಯಂತ್ರವಾದ ಟೋಟಲ್ ಸ್ಟೇಷನ್ ಇಳಿಸುವ ಮೊದಲು ಮೇಲಿನ ಹೊಲದವರನ್ನೂ ಕೆಳಗಿನ ಹೊಲದವರನ್ನೂ ಮಾತನಾಡಿಸುತ್ತೇನೆ. ಊರಿನಲ್ಲಿ ಕೆರೆಯ ನೀರು ಬಿಡುವ ಹೊಣೆ ಹೊತ್ತಿದ್ದ ನೀರುಗಂಟಿ ಮನೆತನದವರು ಇದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಜಮೀನು ಸುತ್ತುತ್ತೇನೆ. ಗ್ರಾಮ ನಕ್ಷೆ, ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್, ನೆಲದ ಏರಿಳಿತ ಅಳೆಯುವ ಕಾಂಟೂರ್ ಸರ್ವೆ ಇವೆಲ್ಲವೂ ಬೇಕು. ಆದರೆ ನಕ್ಷೆಯಲ್ಲಿ ಗೆರೆ ಇರುವ ಕಾಲುವೆ ಕಾನೂನಿನ ಕಾಲುವೆ, ನೀರು ನಿಜವಾಗಿ ಹರಿಯುವ ಜಾಗ ಇನ್ನೊಂದಿರಬಹುದು. ಎರಡನ್ನೂ ಒಂದೇ ಹಾಳೆಯ ಮೇಲೆ ಗುರುತಿಸಿದ ನಂತರವೇ ರಸ್ತೆಯ ಗೆರೆ ಎಳೆಯಬೇಕು, ಸೈಟುಗಳು ಅದರ ಮೇಲೆ ಬರಬೇಕು. ಬಹುತೇಕ ಕಡೆ ಇಂದಿಗೂ ನಡೆಯುವುದು ಇದರ ತಿರುಗುಮುರುಗು: ಮೊದಲು ಎಷ್ಟು ಸೈಟು ಕೂರುತ್ತವೆ ಎಂದು ನೋಡಿ, ಉಳಿದ ಸಂದಿಯಲ್ಲಿ ಚರಂಡಿಯನ್ನು ತೂರಿಸುತ್ತಾರೆ.

ನಾವು ಮಾಡಿದ ತಪ್ಪಿನ ಗಾತ್ರ ಎಷ್ಟೆಂದು ನಾನು ಅನಂತರ ಕೂತು ಲೆಕ್ಕ ಹಾಕಿದೆ. ಚಿಕ್ಕ ಜಮೀನುಗಳಿಗೆ ಎಂಜಿನಿಯರುಗಳು ಬಳಸುವ ಸೂತ್ರ ಸರಳವಾದದ್ದು. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು), ಗಂಟೆಗೆ ಮಿಲಿಮೀಟರಿನಲ್ಲಿ ಮಳೆಯ ತೀವ್ರತೆ, ಹೆಕ್ಟೇರಿನಲ್ಲಿ ವಿಸ್ತೀರ್ಣ ಈ ಮೂರನ್ನು ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಹೊರಬೀಳುತ್ತದೆ ಎಂಬುದು ಸಿಗುತ್ತದೆ. 12 ಎಕರೆ ಎಂದರೆ ಸುಮಾರು 4.86 ಹೆಕ್ಟೇರ್. ಗಂಟೆಗೆ 60 ಮಿ.ಮೀ. ತೀವ್ರತೆಯ ಮಳೆಯನ್ನು ಹಿಡಿದರೆ, ಉತ್ತ ಹೊಲವಾಗಿದ್ದಾಗ ಗುಣಾಂಕ 0.3 ಎಂದುಕೊಂಡು ಸೆಕೆಂಡಿಗೆ ಸುಮಾರು 0.24 ಘನ ಮೀಟರ್ ಬರುತ್ತದೆ. ಅದೇ ಜಾಗದಲ್ಲಿ ತಾರಸಿ, ಡಾಂಬರು ರಸ್ತೆ, ಸಿಮೆಂಟಿನ ಅಂಗಳ ಬಂದು ಗುಣಾಂಕ 0.7ಕ್ಕೆ ಏರಿದಾಗ 0.57 ಘನ ಮೀಟರ್ ಆಗುತ್ತದೆ. ಎರಡು ಪಟ್ಟಿಗೂ ಮಿಗಿಲು. ಅಷ್ಟಕ್ಕೇ ಮುಗಿಯುವುದಿಲ್ಲ. ಹೊಲದಲ್ಲಿ ಬದುಗಳನ್ನು ದಾಟಿ, ಹುಲ್ಲಿನಲ್ಲಿ ತಡೆದು, ತಡವಾಗಿ ಮೂಲೆ ಸೇರುತ್ತಿದ್ದ ನೀರು ಈಗ ನುಣ್ಣನೆಯ ಚರಂಡಿಯಲ್ಲಿ ಕೆಲವೇ ನಿಮಿಷಗಳಲ್ಲಿ ಬಂದು ಬೀಳುತ್ತದೆ. ಅಲ್ಪಕಾಲದ ಮಳೆಯ ತೀವ್ರತೆ ಯಾವಾಗಲೂ ಹೆಚ್ಚು; ಆದ್ದರಿಂದ ಸೂತ್ರಕ್ಕೆ ಹಾಕಬೇಕಾದ ತೀವ್ರತೆಯೂ ಏರುತ್ತದೆ, ನಿಜವಾದ ಹೆಚ್ಚಳ ಇನ್ನೂ ದೊಡ್ಡದಾಗಿರುತ್ತದೆ.

ಇಂಥ ಒಂದು ಲೇಔಟಿನ ನೀರು ಪಕ್ಕದ ಹೊಲವನ್ನು ಹಾಳುಮಾಡಿದರೆ, ಇಂಥ ನೂರು ಲೇಔಟುಗಳ ನೀರು ಊರನ್ನೇ ಮುಳುಗಿಸುತ್ತದೆ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಎತ್ತರದ ದಿಬ್ಬದ ಮೇಲೆ ಕೂತ ಈ ಊರಿನ ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಇಳಿದುಹೋಗುತ್ತದೆ. ಮೊದಲಿನ ಎರಡು ದಕ್ಷಿಣ ಪಿನಾಕಿನಿಯನ್ನು, ಮೂರನೆಯದು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತವೆ. ಆ ಇಳಿಜಾರುಗಳ ಉದ್ದಕ್ಕೂ ಹಿರಿಯರು ಕೆರೆಗಳ ಸರಪಳಿಯನ್ನೇ ಕಟ್ಟಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ತೂಬಿನಿಂದ ಎಷ್ಟು ಬಿಡಬೇಕೆಂಬುದು ನೀರುಗಂಟಿಯ ಕೈಯಲ್ಲಿತ್ತು. ನೀರನ್ನು ತಡೆದು, ನಿಧಾನಗೊಳಿಸಿ, ಮಿಕ್ಕದ್ದನ್ನು ಮುಂದಕ್ಕೆ ಬಿಡುವ ಈ ವ್ಯವಸ್ಥೆಯ ಮೇಲೆಯೇ ನಾವು ಊರು ಬೆಳೆಸಿದೆವು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಸರ್ಜಾಪುರ ರಸ್ತೆ ಮತ್ತು ಹೊರವರ್ತುಲ ರಸ್ತೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ ಕೂರಿಸಿ ಹೊರಗೆ ತರಬೇಕಾಯಿತು. ಆ ಚಿತ್ರಗಳನ್ನು ನೋಡುವಾಗ ನನಗೆ ಕಂಡದ್ದು ಆ ಒಂದು ವಾರದ ಮಳೆ ಮಾತ್ರವಲ್ಲ, ಮೇಲಿನ ಊರುಗಳಲ್ಲಿ ನನ್ನಂಥವರು ಸಹಿ ಹಾಕಿದ ನೂರಾರು ನಕ್ಷೆಗಳೂ ಹೌದು.

ಈಗ ನಾನು ಯಾವ ಯೋಜನೆಗೂ ಒಂದೇ ಷರತ್ತಿನಿಂದ ಆರಂಭಿಸುತ್ತೇನೆ: ಜಮೀನು ಹೊಲವಾಗಿದ್ದಾಗ ಎಷ್ಟು ನೀರು ಹೊರಗೆ ಬಿಡುತ್ತಿತ್ತೋ ಲೇಔಟ್ ಆದ ಮೇಲೂ ಅದಕ್ಕಿಂತ ಹೆಚ್ಚು ಬಿಡಬಾರದು. ಮೇಲಿನ ಲೆಕ್ಕವನ್ನೇ ತೆಗೆದುಕೊಂಡರೆ ಸೆಕೆಂಡಿಗೆ 0.33 ಘನ ಮೀಟರ್ ಹೆಚ್ಚುವರಿ ನೀರನ್ನು ಅರ್ಧ ಗಂಟೆ ತಡೆದಿಡಲು ಸುಮಾರು 600 ಘನ ಮೀಟರಿನ ಜಾಗ ಬೇಕು. 20 ಮೀಟರ್ ಉದ್ದ, 20 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳ ಎಂದರೆ ಮೂವತ್ತು–ನಲವತ್ತು ಅಡಿ ಅಳತೆಯ ಸುಮಾರು ನಾಲ್ಕು ಸೈಟು. ಮಾಲೀಕರಿಗೆ ಹೀಗೆ ಹೇಳಿದ ಕೂಡಲೇ ಮಾತು ನಿಂತುಹೋಗುತ್ತದೆ. ನಾಲ್ಕು ಸೈಟಿನ ಬೆಲೆಯನ್ನು ಗುಂಡಿಗೆ ಸುರಿಯಲು ಯಾರೂ ಒಪ್ಪುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿ ಉದ್ಯಾನ. ಉದ್ಯಾನಕ್ಕೆ ಹೇಗೂ ಜಾಗ ಬಿಡಲೇಬೇಕು. ಅದನ್ನು ಹೈಟೆನ್ಷನ್ ತಂತಿಯ ಕೆಳಗೋ ಸೈಟಾಗಿ ಮಾರಲಾಗದ ಸೊಟ್ಟ ಮೂಲೆಯಲ್ಲೋ ಇಡುವ ಬದಲು ಜಮೀನಿನ ಅತಿ ತಗ್ಗಿನ ಭಾಗದಲ್ಲಿಟ್ಟು, ಅದರೊಳಗೆ ಒಂದು ಸಾವಿರ ಚದರ ಮೀಟರ್ ಹುಲ್ಲುಹಾಸನ್ನು ರಸ್ತೆಗಿಂತ 60 ಸೆಂ.ಮೀ. ಕೆಳಗಿಳಿಸಿದರೆ ಅದೇ 600 ಘನ ಮೀಟರ್ ಸಿಗುತ್ತದೆ. ವರ್ಷದ ಬಹುಪಾಲು ದಿನ ಮಕ್ಕಳು ಅಲ್ಲಿ ಆಡುತ್ತಾರೆ, ಜೋರು ಮಳೆಯ ಕೆಲವು ಗಂಟೆ ಮಾತ್ರ ನೀರು ನಿಲ್ಲುತ್ತದೆ. ಒಂದು ಸೈಟೂ ಹೋಗುವುದಿಲ್ಲ.

ಈ ತಗ್ಗು ಉದ್ಯಾನಕ್ಕೂ ಕೆರೆಯಂತೆಯೇ ತೂಬು ಮತ್ತು ಕೋಡಿ ಎರಡೂ ಬೇಕು. ತಳದಲ್ಲಿ ನಿಯಂತ್ರಿತವಾಗಿ ನೀರು ಬಿಡುವ ಚಿಕ್ಕ ಬಾಯಿ, ಮೇಲ್ಮಟ್ಟದಲ್ಲಿ ಲೆಕ್ಕ ಮೀರಿದ ಮಳೆ ಸುರಕ್ಷಿತವಾಗಿ ದಾಟುವ ಅಗಲವಾದ ಕಲ್ಲಿನ ಹಾಸು. ಒಂದು ಕಡೆ ನಾನು ತೂಬಿಗೆ 400 ಮಿ.ಮೀ. ಪೈಪು ಬರೆದಿದ್ದೆ. ಕೆಲಸ ಮುಗಿದ ಮೇಲೆ ಹೋಗಿ ನೋಡಿದರೆ 900 ಮಿ.ಮೀ. ಪೈಪು ಕೂತಿತ್ತು. ಇಷ್ಟು ದೊಡ್ಡ ಉದ್ಯಾನಕ್ಕೆ ಇಷ್ಟು ಚಿಕ್ಕ ಪೈಪು ಬರೆಯುವಾಗ ಕೈತಪ್ಪಿರಬೇಕೆಂದು ಭಾವಿಸಿ ಮೇಸ್ತ್ರಿ ಒಳ್ಳೆಯ ಮನಸ್ಸಿನಿಂದಲೇ ದೊಡ್ಡದನ್ನು ಹಾಕಿಸಿದ್ದರು. ನೀರು ನಿಲ್ಲುವುದೇ ಇಲ್ಲವಾದ್ದರಿಂದ ಇಡೀ ತಗ್ಗು ವ್ಯರ್ಥವಾಗಿತ್ತು. ತಪ್ಪು ಅವರದಲ್ಲ, ನಕ್ಷೆಯಲ್ಲಿ ಅಳತೆ ಬರೆದು ಕಾರಣ ಬರೆಯದಿದ್ದವನು ನಾನು. ಈಗ ಆ ಪೈಪಿನ ಪಕ್ಕದಲ್ಲಿ “ನೀರು ತಡೆಯಲೆಂದೇ ಚಿಕ್ಕದು, ಬದಲಿಸಬಾರದು” ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತೇನೆ.

ಕಟ್ಟುವ ಅವಧಿಯೇ ಅತ್ಯಂತ ಅಪಾಯದ ಕಾಲ ಎಂಬುದನ್ನು ಆ ಹಿಪ್ಪುನೇರಳೆ ತೋಟ ಕಲಿಸಿತು. ಬೇರು ಕಿತ್ತ ಕೆಂಪುಮಣ್ಣು ಮೊದಲ ಮಳೆಗೇ ಕರಗಿ ಹೊರಡುತ್ತದೆ. ಆದ್ದರಿಂದ ಮಣ್ಣಿನ ಕೆಲಸವನ್ನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮುಗಿಸಲು ಪಟ್ಟು ಹಿಡಿಯುತ್ತೇನೆ; ಆಗದಿದ್ದರೆ ಮೂರು–ನಾಲ್ಕು ಎಕರೆಯಂತೆ ಭಾಗ ಮಾಡಿ, ಒಂದು ಭಾಗದಲ್ಲಿ ರಸ್ತೆಯ ತಳಪಾಯ ಬಿದ್ದ ಮೇಲೆಯೇ ಮುಂದಿನದರ ಹಸಿರನ್ನು ತೆಗೆಯಲು ಬಿಡುತ್ತೇನೆ. ಜೆಸಿಬಿ ಬಂದ ಮೊದಲ ದಿನದ ಮೊದಲ ಕೆಲಸ ತಗ್ಗಿನ ಮೂಲೆಯಲ್ಲಿ ಹೂಳುಗುಂಡಿ ತೋಡುವುದು ಮತ್ತು ಕೆಳಗಿನ ಹೊಲದ ಕಡೆ ಮಣ್ಣಿನ ಒಡ್ಡು ಹಾಕುವುದು. ಇಳಿಜಾರು ದಂಡೆಗಳಿಗೆ ಲಾವಂಚದ ಸಾಲು ನೆಡಿಸುತ್ತೇನೆ. ಅದರ ಬೇರು ನೇರವಾಗಿ ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ, ದನವೂ ಅದನ್ನು ಅಷ್ಟಾಗಿ ಮೇಯುವುದಿಲ್ಲ.

ಇಂಗುಬಾವಿಯ ಬಗ್ಗೆ ಎಲ್ಲರೂ ಉತ್ಸಾಹದಿಂದ ಕೇಳುತ್ತಾರೆ, ಕೇಳಲೇಬೇಕು. ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಿದ್ದುಪಡಿಯಾಗಿ ಮಳೆನೀರು ಕೊಯ್ಲು ಕಡ್ಡಾಯವಾದಂದಿನಿಂದ ಅರಿವು ಹೆಚ್ಚಾಗಿದೆ. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣುವಡ್ಡರ ಕುಟುಂಬಗಳು ಇಂದಿಗೂ ಈ ಕೆಲಸವನ್ನು ಯಾವ ಯಂತ್ರಕ್ಕಿಂತಲೂ ಅಚ್ಚುಕಟ್ಟಾಗಿ ಮಾಡುತ್ತವೆ. ಹತ್ತಡಿ ತೋಡಿದ ಮೇಲೆ ಒಂದು ಹಿಡಿ ಮಣ್ಣನ್ನು ಹಿಸುಕಿ ನೋಡಿ, ಇಲ್ಲಿ ನೀರು ಇಂಗುತ್ತದೆಯೋ ಇಲ್ಲವೋ ಎಂದು ಅವರು ಹೇಳುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಮೂರಡಿ ಅಗಲ, ಇಪ್ಪತ್ತಡಿ ಆಳದ ಒಂದು ಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ನೂರು ಚದರ ಮೀಟರ್ ತಾರಸಿಯ ಮೇಲೆ 40 ಮಿ.ಮೀ. ಮಳೆಯಾದರೆ ಬೀಳುವ ನೀರೂ ಅಷ್ಟೇ. ಹೀಗಾಗಿ ಮನೆಗೊಂದು ಬಾವಿ ಇರುವ ಬೀದಿಯ ಚರಂಡಿಗೆ ಹೊರೆ ಖಂಡಿತ ತಗ್ಗುತ್ತದೆ. ಆದರೆ ಸೈಟಿನಲ್ಲಿ ಮಣ್ಣಿನ ಕೆಲಸ ನಡೆಯುವಾಗಲೇ ಇಂಗುಬಾವಿಯ ಬಾಯಿ ತೆರೆದರೆ ಒಂದೇ ಮಳೆಗಾಲದಲ್ಲಿ ಜೇಡಿ ಕೂತು ಅದು ಬರೀ ತೊಟ್ಟಿಯಾಗುತ್ತದೆ. ಎಣ್ಣೆ ಸೋರುವ ರಸ್ತೆಯ ನೀರನ್ನು ಸೋಸದೆ ಅದಕ್ಕೆ ಬಿಡಬಾರದು. ಕಣಿವೆಯ ತಳದಲ್ಲಿ, ಅಂತರ್ಜಲ ಮೇಲೆಯೇ ಇರುವ ಕಡೆ ಇಂಗುಬಾವಿಯಿಂದ ಉಪಯೋಗವಿಲ್ಲ. ಅಲ್ಲಿ ತಡೆಯುವ ಜಾಗವೇ ಬೇಕು.

ಕಾಲುವೆಯ ಅಂಚಿನ ಮೀಸಲು ಜಾಗದ ವಿಚಾರವನ್ನೂ ಹೇಳಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗಳಿಗೆ 75 ಮೀಟರ್ ಮೀಸಲು ಪ್ರದೇಶ ಬಿಡಬೇಕೆಂದು ಆದೇಶಿಸಿತ್ತು. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ತೆರವುಗೊಳಿಸಿತು. ಲೇಔಟಿನ ಮಾಲೀಕರು ಪ್ರತಿ ಸಲವೂ ಇಂದಿನ ಕನಿಷ್ಠ ಎಷ್ಟು ಮೀಟರ್ ಎಂದು ಮಾತ್ರ ಕೇಳುತ್ತಾರೆ. ನಾನು ಮೀಟರಿನ ಜೊತೆಗೆ ಮಟ್ಟವನ್ನೂ ನೋಡಲು ಹೇಳುತ್ತೇನೆ. ಕಾಲುವೆಯಿಂದ ಸಾಕಷ್ಟು ದೂರವಿದ್ದರೂ ಕೆಳಗಿನ ಕೆರೆಯ ಕೋಡಿಯ ಮಟ್ಟಕ್ಕಿಂತ ತಗ್ಗಿನಲ್ಲಿ ನೆಲಮಾಳಿಗೆ ತೋಡಿದ ಕಟ್ಟಡಕ್ಕೆ ನೀರು ಹಿಮ್ಮುಖವಾಗಿ ಬಂದೇ ಬರುತ್ತದೆ.

ಲೇಔಟನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಿದ ಮೇಲೆ ಏನಾಗುತ್ತದೆ ಎಂಬುದು ನಾನು ತಡವಾಗಿ ಗಮನ ಕೊಟ್ಟ ವಿಷಯ. ಒಂದು ಕಡೆ ತಗ್ಗು ಉದ್ಯಾನವನ್ನು ಸೊಳ್ಳೆಯ ಭಯದಿಂದ ಮಣ್ಣು ತುಂಬಿ ಸಮ ಮಾಡಲು ಸಭೆಯಲ್ಲಿ ತೀರ್ಮಾನವಾಗಿತ್ತು. ನನ್ನನ್ನು ಕರೆಯದಿದ್ದರೂ ಹೋದೆ. ಸೊಳ್ಳೆಯ ಮರಿ ರೆಕ್ಕೆ ಪಡೆಯಲು ಸುಮಾರು ಒಂದು ವಾರ ಬೇಕು, ಈ ತಗ್ಗು ಒಂದೇ ದಿನದಲ್ಲಿ ಬರಿದಾಗುವಂತೆ ಮಾಡಿದ್ದೇವೆ ಎಂದು ವಿವರಿಸಿದೆ. ಅವರು ನಂಬಲಿಲ್ಲ, ಏಕೆಂದರೆ ಅಲ್ಲಿ ನಾಲ್ಕು ದಿನಗಳಿಂದ ನೀರು ನಿಂತಿತ್ತು. ಎಲ್ಲರೂ ಕೂಡಿ ಹೋಗಿ ನೋಡಿದಾಗ ತೂಬಿನ ಜಾಲರಿಗೆ ಒಣಎಲೆ, ಚಿಪ್ಸ್ ಪೊಟ್ಟಣ ಮತ್ತು ಒಂದು ಸಿಮೆಂಟ್ ಚೀಲ ಅಂಟಿಕೊಂಡಿದ್ದವು. ತೋಟದ ಮಾಲಿ ಕೈಹಾಕಿ ಅವನ್ನು ಎಳೆದರು. ನೀರು ಸದ್ದು ಮಾಡುತ್ತ ಹೊರಟಿತು, ಮರುದಿನ ಮಧ್ಯಾಹ್ನಕ್ಕೆ ಹುಲ್ಲು ಕಂಡಿತು. ಈಗ ಆ ಸಂಘದವರು ಪ್ರತಿ ವರ್ಷ ಭರಣಿ ಮಳೆಗೆ ಮೊದಲು ಹೂಳುಗುಂಡಿ ಎತ್ತಿಸುತ್ತಾರೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಜಾಲರಿ ತೆಗೆಸುತ್ತಾರೆ. ಆ ಮಾಲಿಯ ಕೋಣೆಯ ಗೋಡೆಗೆ ಚರಂಡಿಗಳ ನಕ್ಷೆಯ ಒಂದು ಪ್ರತಿಯನ್ನು ನಾನೇ ಅಂಟಿಸಿ ಬಂದೆ, ತೂಬಿನ ಜಾಗಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ.