‘ಇದು ನಂಜುಂಡಿ ಕಲ್ಯಾಣದ ಕಥೆನೇ ಅಲ್ವಾ?’

1953ರ ಹಾಲಿವುಡ್ ಹಾಡು-ಕುಣಿತದ ಸಿನಿಮಾ ‘ಕಿಸ್ ಮಿ ಕೇಟ್’ ನನಗೆ ತುಂಬಾ ಇಷ್ಟ ಅಂತ ಯಾರಿಗೆ ಹೇಳಿದರೂ, ಕಥೆ ಅರ್ಧ ಕೇಳುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ.

ಅರ್ಧ ಹೌದು. ಎರಡಕ್ಕೂ ಅಜ್ಜ ಒಬ್ಬನೇ, ಶೇಕ್ಸ್‌ಪಿಯರ್‌ನ ‘ದಿ ಟೇಮಿಂಗ್ ಆಫ್ ದಿ ಶ್ರೂ’. ಬಜಾರಿ ಹೆಣ್ಣನ್ನು ಕಟ್ಟಿಕೊಂಡು ಪಳಗಿಸುವ ಗಂಡನ ನಾಟಕ ಅದು. ಪರ್ವತವಾಣಿ ಅದನ್ನು ಕನ್ನಡದಲ್ಲಿ ‘ಬಹದ್ದೂರ್ ಗಂಡ’ ಮಾಡಿದರು, ಆ ನಾಟಕವೇ 1989ರಲ್ಲಿ ನಂಜುಂಡಿ ಕಲ್ಯಾಣ ಆಯ್ತು. ಆದರೆ ಕಿಸ್ ಮಿ ಕೇಟ್‌ನಲ್ಲಿ ಶೇಕ್ಸ್‌ಪಿಯರ್ ಕಥೆ ಪಾತ್ರಗಳು ಸ್ಟೇಜಿನ ಮೇಲೆ ಆಡುವ ನಾಟಕ ಮಾತ್ರ. ಆಡುವವರ ಜಗಳವೇ ಸಿನಿಮಾ.

ಫ್ರೆಡ್, ಲಿಲಿ ಇಬ್ಬರೂ ನಟರು, ಡೈವೋರ್ಸ್ ಆದ ಗಂಡ ಹೆಂಡತಿ. ಹೋವರ್ಡ್ ಕೀಲ್, ಕ್ಯಾಥರಿನ್ ಗ್ರೇಸನ್ ಆ ಪಾತ್ರ ಮಾಡಿದ್ದಾರೆ. ಮೊದಲ ಪ್ರದರ್ಶನದ ರಾತ್ರಿ ಲಿಲಿಗೆ ಹೂವು ಬರುತ್ತದೆ. ಇವನಿಗಿನ್ನೂ ನನ್ನ ಮೇಲೆ ಆಸೆ ಇದೆ ಅಂತ ಕರಗಿ ಹೋಗುತ್ತಾಳೆ. ಪಾಪ, ಅದು ಫ್ರೆಡ್ ಇನ್ನೊಬ್ಬಳಿಗೆ ಕಳಿಸಿದ ಹೂವು! ಜೊತೆಗಿದ್ದ ಚೀಟಿಯನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ಸ್ಟೇಜಿಗೆ ಹೋಗುತ್ತಾಳೆ, ಆಟದ ಮಧ್ಯೆ ತೆಗೆದು ಓದುತ್ತಾಳೆ. ಅಲ್ಲಿಂದ ಮುಂದೆ ಬೀಳುವ ಏಟೆಲ್ಲ ನಿಜದ ಏಟು. ಪ್ರೇಕ್ಷಕರು ಮಾತ್ರ ಏನು ಆಕ್ಟಿಂಗ್ ಅಂತ ನಗುತ್ತಿರುತ್ತಾರೆ. ನನಗೆ ಈ ಸಿನಿಮಾ ಹಿಡಿಸಿದ್ದೇ ಇಲ್ಲಿ. ಫ್ರೆಡ್ ಅವಳನ್ನು ಮಡಿಲ ಮೇಲೆ ಹಾಕಿಕೊಂಡು ಬಾರಿಸುವುದನ್ನು ನೋಡಿ ನಗೋಕೆ ಮಾತ್ರ ನನ್ನಿಂದ ಆಗಲ್ಲ.

ಇದರ ಮೂಲ 1948ರಲ್ಲಿ ಬ್ರಾಡ್‌ವೇ ಅನ್ನೋ ನ್ಯೂಯಾರ್ಕ್‌ನ ರಂಗಭೂಮಿಯಲ್ಲಿ ಬಂದ ನಾಟಕ, ಹಾಡುಗಳು ಕೋಲ್ ಪೋರ್ಟರ್‌ದು. ಲಂಟ್ ಮತ್ತು ಫಾಂಟ್ಯಾನ್ ಅನ್ನೋ ಗಂಡ ಹೆಂಡತಿ ಇದೇ ಶೇಕ್ಸ್‌ಪಿಯರ್ ನಾಟಕ ಆಡುವಾಗ ಪರದೆ ಹಿಂದೆ ಕಚ್ಚಾಡುತ್ತಿದ್ದರಂತೆ, ಅದನ್ನು ಕಂಡೇ ಈ ಐಡಿಯಾ ಹುಟ್ಟಿತು ಅಂತಾರೆ. ಬರೆದವರೂ ಗಂಡ ಹೆಂಡತಿಯೇ, ಸ್ಯಾಮ್ ಮತ್ತು ಬೆಲ್ಲಾ ಸ್ಪೀವಾಕ್. ಬರೆಯುವಾಗ ಅವರ ಸಂಸಾರವೂ ಸರಿ ಇರಲಿಲ್ಲ. ಜಗಳದ ಡೈಲಾಗ್‌ಗೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ ಬಿಡಿ.

ನೋಡುವಾಗ ಒಂದು ವಿಷಯ ನೆನಪಿರಲಿ. ಇದು 3ಡಿಯಲ್ಲಿ ತೆಗೆದ ಸಿನಿಮಾ. ಆ ಇನ್ನೊಬ್ಬಳ ಪಾತ್ರ ಮಾಡಿದ ಆನ್ ಮಿಲ್ಲರ್, ಬೂಟಿನಲ್ಲೇ ತಾಳ ಹಾಕುವ ಟ್ಯಾಪ್ ಡ್ಯಾನ್ಸ್ ಕುಣಿಯುತ್ತಾ ಕೈಗೆ ಸಿಕ್ಕಿದ್ದನ್ನೆಲ್ಲ ನಮ್ಮ ಮುಖಕ್ಕೆ ಎಸೆಯುವುದು ಅದಕ್ಕೇ. ಲ್ಯಾಪ್‌ಟಾಪ್‌ನಲ್ಲಿ ನೋಡುವವರಿಗೆ ಇವಳಿಗೇನಾಗಿದೆ ಅನ್ನಿಸುತ್ತದೆ. ‘ಫ್ರಮ್ ದಿಸ್ ಮೊಮೆಂಟ್ ಆನ್’ ಹಾಡನ್ನಂತೂ ಬಿಡಬೇಡಿ. ಅದರಲ್ಲಿ ಕಾಣುವ ಹುಡುಗ ಬಾಬ್ ಫಾಸಿ, ಮುಂದೆ ‘ಕ್ಯಾಬರೆ’ಗೆ ಆಸ್ಕರ್ ಗೆದ್ದ ನಿರ್ದೇಶಕ. ತನ್ನ ಒಂದು ನಿಮಿಷದ ಕುಣಿತವನ್ನು ತಾನೇ ಹೊಂದಿಸಿಕೊಂಡ. ಭುಜ ಕುಗ್ಗಿಸಿ, ಬೆರಳು ಚಿಟಿಕೆ ಹೊಡೆದು, ನೆಲಕ್ಕೆ ಜಾರಿ ಏಳುತ್ತಾನೆ. ಉಳಿದವರೆಲ್ಲ ಒಮ್ಮೆಲೇ ಹಳಬರಾಗಿಬಿಡುತ್ತಾರೆ.

ಹಾಂ, ಸಾಲ ವಸೂಲಿಗೆ ಬಂದ ಇಬ್ಬರು ರೌಡಿಗಳೂ ಇದ್ದಾರೆ. ಲಿಲಿ ಓಡಿಹೋಗಿ ಆಟ ನಿಂತರೆ ದುಡ್ಡು ಬರಲ್ಲ ಅಂತ ಅವಳನ್ನು ಕಾಯೋಕೆ ವೇಷ ಹಾಕಿ ಸ್ಟೇಜಿಗೇ ಬಂದುಬಿಡುತ್ತಾರೆ. ಕೊನೆಗೆ ಫ್ರೆಡ್‌ಗೆ ಬುದ್ಧಿ ಹೇಳುವವರೂ ಅವರೇ: ಹೆಣ್ಣು ಒಲಿಯಬೇಕಾ, ಹೋಗಿ ಶೇಕ್ಸ್‌ಪಿಯರ್ ಓದು.